ತಾಳುವುದು ಮತ್ತು ಒಪ್ಪಿಸುವುದು

ನೋವಿನೊಡನೆ ಬಾಳುವುದಕ್ಕೆ ಕನ್ನಡದಲ್ಲಿ ಕ್ರಿಯಾಪದಗಳ ಬರವಿಲ್ಲ. ತಾಳುತ್ತೇವೆ, ಸಹಿಸುತ್ತೇವೆ, ನುಂಗಿಕೊಳ್ಳುತ್ತೇವೆ, ಅನುಭವಿಸುತ್ತೇವೆ. ಈ ಪದಗಳೆಲ್ಲವೂ ನೋವುಂಡವರ ಒಳಗೇ ಹುಟ್ಟಿ ಅಲ್ಲೇ ಮುಗಿಯುವ ಕ್ರಿಯೆಯನ್ನು ಸೂಚಿಸುತ್ತವೆ. ತಾಳಿದವನು ಬಾಳಿಯಾನು ಎಂಬ ಗಾದೆಯಲ್ಲಿಯೂ ತಾಳುವವನೇ ಬಾಳುವವನು. ಫಲವೇನಾದರೂ ಇದ್ದರೆ ಅದು ಅವನ ಪಾಲಿನದೇ. ಕ್ಯಾಥೊಲಿಕ್ ಕ್ರೈಸ್ತರ ನಿತ್ಯದ ಭಕ್ತಿಯಲ್ಲಿ ಇವಕ್ಕಿಂತ ತುಸು ಬೇರೆಯಾದ ಇನ್ನೊಂದು ಕ್ರಿಯಾಪದವಿದೆ. ತಲೆನೋವು, ತಪ್ಪಿಹೋದ ರೈಲು, ಮೇಲಧಿಕಾರಿಯ ಸಿಡಿಮಿಡಿ, ವರ್ಷಗಟ್ಟಲೆ ಹಾಸಿಗೆ ಹಿಡಿದ ಕಾಯಿಲೆ ಇವನ್ನೆಲ್ಲ ಅವರು ಕ್ರಿಸ್ತನ ಶಿಲುಬೆಯ ಯಾತನೆಯೊಡನೆ ಸೇರಿಸಿ, ಮತ್ತೊಬ್ಬರ ಒಳಿತಿಗಾಗಿ ದೇವರಿಗೆ ‘ಒಪ್ಪಿಸುತ್ತಾರೆ’. ಇಂಗ್ಲಿಷ್ ಬಲ್ಲ ಕ್ಯಾಥೊಲಿಕ್ ಮನೆಗಳಲ್ಲಿ ‘ಆಫರ್ ಇಟ್ ಅಪ್’ ಎಂಬ ಮಾತು ಅಜ್ಜಿಯರ ಬಾಯಲ್ಲಿ ಸದಾ ಇರುತ್ತಿತ್ತೆಂದು ಕೇಳಿದ್ದೇನೆ. ಒಪ್ಪು, ಒಪ್ಪಿಸು, ಒಪ್ಪಿಕೊಳ್ಳು ಎಂಬ ನಮ್ಮ ಪದಗಳು ಒಂದೇ ಬೇರಿನವು. ಆದರೂ ಒಪ್ಪಿಸಿದವರು ಒಪ್ಪಿಕೊಂಡಿದ್ದಾರೆಯೇ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಈ ಬರಹಕ್ಕೆ ಕಾರಣವಾದದ್ದು ಆ ಪ್ರಶ್ನೆ.

ನಾನು ಕ್ರೈಸ್ತನಲ್ಲ. ಎಂ.ಎ. ಇಂಗ್ಲಿಷ್ ಓದುವಾಗ ಹಾಪ್ಕಿನ್ಸ್ ಮತ್ತು ಗ್ರಹಾಂ ಗ್ರೀನ್ ಮೂಲಕ ಈ ವಿಚಾರದ ಅಂಚನ್ನು ಮುಟ್ಟಿದ್ದೆ. ಕೇಂದ್ರ ಸರಕಾರದ ನೌಕರಿ ಮುಂಬಯಿಗೆ ತಂದು ಹಾಕಿದ ಮೇಲೆ ಅದರ ನಡುವೆಯೇ ಓಡಾಡುತ್ತಿದ್ದೇನೆ. ಮಾಹಿಮ್‌ನ ಸಂತ ಮಿಕಾಯೇಲರ ಇಗರ್ಜಿಯಲ್ಲಿ 1948ರಿಂದ ನಡೆದು ಬಂದಿರುವ ಬುಧವಾರದ ನೊವೆನಾಕ್ಕೆ ಎಲ್ಲ ಮತಗಳವರೂ ಸಾಲು ನಿಲ್ಲುವುದನ್ನು, ಬಾಂದ್ರಾದ ಮೌಂಟ್ ಮೇರಿಯಲ್ಲಿ ಮೇಣದ ಕೈ, ಮೇಣದ ಕಾಲು ಮಾರುವುದನ್ನು ಮುಂಬಯಿ ಕನ್ನಡಿಗರಲ್ಲಿ ನೋಡದವರು ಕಡಿಮೆ. ಮೇಣದ ಕಾಲು ನಮಗೆ ಕೂಡಲೇ ಅರ್ಥವಾಗುತ್ತದೆ, ಏಕೆಂದರೆ ಅದು ಹರಕೆ. ಕಾಲು ವಾಸಿಯಾಗಲಿ, ಮೇಣದ ಕಾಲು ಒಪ್ಪಿಸುತ್ತೇನೆ ಎಂಬುದು ಉರುಳುಸೇವೆಯ, ಮುಡಿಕೊಡುವ ಲೆಕ್ಕಾಚಾರಕ್ಕೆ ಹತ್ತಿರದ್ದು. ನಾನು ಹೇಳಹೊರಟ ಪದ್ಧತಿಯಲ್ಲಿ ವಾಸಿಯಾಗದ ಕಾಲನ್ನೇ, ಅದರ ನೋವಿನ ಸಮೇತ, ಕಾಣಿಕೆಯಾಗಿ ಇಡುತ್ತಾರೆ.

ಇದರ ಬೇರು ಹಳೆಯದು. ಕೊಲೊಸ್ಸೆಯವರಿಗೆ ಬರೆದ ಪತ್ರದ ಮೊದಲ ಅಧ್ಯಾಯದ 24ನೆಯ ವಚನದಲ್ಲಿ ಸಂತ ಪೌಲ, ಕ್ರಿಸ್ತನ ಸಂಕಟಗಳಲ್ಲಿ ಉಳಿದ ಕೊರತೆಯನ್ನು ತನ್ನ ಶರೀರದಲ್ಲಿ ತುಂಬಿಕೊಡುತ್ತಿದ್ದೇನೆ ಎಂಬರ್ಥದ ವಿಚಿತ್ರವಾದ ಮಾತೊಂದನ್ನು ಆಡುತ್ತಾನೆ. ದೇವರ ಮಗನ ಬಲಿಯಲ್ಲಿ ಕೊರತೆ ಎಲ್ಲಿಂದ ಬಂತು? ಶತಮಾನಗಳಿಂದ ವ್ಯಾಖ್ಯಾನಕಾರರು ಇದರೊಡನೆ ಸೆಣಸಿದ್ದಾರೆ. ಕ್ಯಾಥೊಲಿಕ್ ಸಂಪ್ರದಾಯ ಒಪ್ಪಿದ ಉತ್ತರ ಸ್ಥೂಲವಾಗಿ ಹೀಗಿದೆ: ಆ ಬಲಿ ಪೂರ್ಣವಾದದ್ದೇ, ಆದರೆ ಮನುಷ್ಯರು ಅದರಲ್ಲಿ ಪಾಲುಗೊಳ್ಳುವುದಕ್ಕೆ ಜಾಗವನ್ನು ಬಿಟ್ಟಿದೆ. ಬಲಿಪೂಜೆಯಲ್ಲಿ ಗುರುಗಳು ಪಾತ್ರೆಯ ದ್ರಾಕ್ಷಾರಸಕ್ಕೆ ತುಸು ನೀರು ಬೆರೆಸುತ್ತಾರೆ. ಬೆರೆತ ಮೇಲೆ ಆ ನೀರನ್ನು ಮತ್ತೆ ಬೇರ್ಪಡಿಸಲಾಗದು. ತಮ್ಮ ದಿನದ ಕಷ್ಟ ಆ ನೀರಿನ ಹನಿ ಎಂದು ಭಾವಿಸಿಕೊಳ್ಳುವವರಿದ್ದಾರೆ. ತತ್ತ್ವಶಾಸ್ತ್ರಕ್ಕಿಂತ ಈ ಚಿತ್ರವೇ ನನಗೆ ಹೆಚ್ಚು ತಿಳಿಯುತ್ತದೆ.

ಜನಸಾಮಾನ್ಯರ ನಿತ್ಯಕರ್ಮವಾಗಿ ಇದು ಹಬ್ಬಿದ್ದಕ್ಕೆ ಒಂದು ಸಣ್ಣ ಕಥೆ ಇದೆ. 1844ರ ಡಿಸೆಂಬರಿನಲ್ಲಿ ಫ್ರಾನ್ಸಿನ ವಾಲ್ಸ್ ಎಂಬಲ್ಲಿ ಯೇಸುಸಭೆಯ ತರುಣ ವಿದ್ಯಾರ್ಥಿಗಳು ದೂರದೇಶಗಳಿಗೆ ಧರ್ಮಪ್ರಚಾರಕ್ಕೆ ಹೋಗಲು ಚಡಪಡಿಸುತ್ತಿದ್ದರು, ಪಾಠ ರುಚಿಸುತ್ತಿರಲಿಲ್ಲ. ಅವರ ಗುರು ಫ್ರಾನ್ಸ್ವಾ ಗೋತ್ರ್‌ಲೇ, ಈಗಿನ ಓದನ್ನೇ, ಅದರ ಬೇಸರವನ್ನೇ, ಅಲ್ಲಿ ದುಡಿಯುತ್ತಿರುವವರಿಗಾಗಿ ದೇವರಿಗೆ ಒಪ್ಪಿಸಿರಿ ಎಂದು ಹೇಳಿಕೊಟ್ಟರು. ಅದರಿಂದ ಹುಟ್ಟಿದ ಸಂಘಟನೆ ಜಗತ್ತಿನಾದ್ಯಂತ ಹರಡಿತು. ದಿನದ ಪ್ರಾರ್ಥನೆ, ಕೆಲಸ, ಸಂತೋಷ, ಸಂಕಟಗಳನ್ನು ಎದ್ದ ಕೂಡಲೇ ಅರ್ಪಿಸುವ ಬೆಳಗಿನ ಪ್ರಾರ್ಥನೆ ಮನೆಮನೆಯದಾಯಿತು. ಈ ಪಟ್ಟಿಯಲ್ಲಿ ಸಂತೋಷವೂ ಇದೆ ಎಂಬುದನ್ನು ಟೀಕಾಕಾರರೂ ಭಕ್ತರೂ ಒಟ್ಟಿಗೇ ಮರೆಯುತ್ತಾರೆ.

ನಮ್ಮಲ್ಲೂ ಇದು ಇದೆಯಲ್ಲ ಎಂದು ಓದುಗರು ಕೇಳಬಹುದು. ಮಾಡುವುದನ್ನು, ಉಣ್ಣುವುದನ್ನು, ಹೋಮಿಸುವುದನ್ನು, ಕೊಡುವುದನ್ನು, ತಪಸ್ಸನ್ನು ತನಗೆ ಅರ್ಪಿಸೆಂದು ಗೀತೆಯ ಒಂಬತ್ತನೆಯ ಅಧ್ಯಾಯದ ಕೃಷ್ಣನೂ ಹೇಳುತ್ತಾನೆ. ಕೃಷ್ಣಾರ್ಪಣಮಸ್ತು ಎನ್ನದೆ ಪೂಜೆ ಮುಗಿಸದ ಮನೆಗಳಲ್ಲಿ ಬೆಳೆದವರು ನಾವು. ಹೋಲಿಕೆ ಬಹು ದೂರದವರೆಗೆ ನಿಲ್ಲುತ್ತದೆ, ಆಮೇಲೆ ಕವಲೊಡೆಯುತ್ತದೆ. ನಾವು ಅರ್ಪಿಸುವುದು ಸಾಮಾನ್ಯವಾಗಿ ಮಾಡಿದ್ದನ್ನು ಮತ್ತು ಅದರ ಫಲವನ್ನು. ತಾನಾಗಿ ಬಂದೆರಗಿದ ಮಂಡಿನೋವನ್ನು ಕೃಷ್ಣಾರ್ಪಣ ಎಂದದ್ದನ್ನು ನಮ್ಮ ಮನೆಯಲ್ಲಂತೂ ನಾನು ಕೇಳಿಲ್ಲ. ಮಂಡಿನೋವಿಗೆ ನಮ್ಮಲ್ಲಿರುವ ಪದ ಪ್ರಾರಬ್ಧ. ಯಾವ ಜನ್ಮದ ಯಾವ ಸಾಲವೋ, ಅನುಭವಿಸಿಯೇ ತೀರಿಸಬೇಕು. ಕರ್ಮದ ಮಾತು ನೋವಿನ ಹಿಂದಕ್ಕೆ ತಿರುಗಿ ಕಾರಣವನ್ನು ಹುಡುಕುತ್ತದೆ. ಒಪ್ಪಿಸುವವರಾದರೋ ಕಾರಣವನ್ನು ಅಲ್ಲಿಗೇ ಬಿಟ್ಟು, ಬಂದದ್ದಾಯಿತು, ಇದರಿಂದ ಯಾರಿಗಾದರೂ ಏನಾದರೂ ಆದೀತೇ ಎಂದು ಮುಂದಕ್ಕೆ ನೋಡುತ್ತಾರೆ. ಯೋಹಾನನ ಸುವಾರ್ತೆಯಲ್ಲಿ ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು ಪಾಪ ಮಾಡಿದ್ದು ಇವನೋ ಇವನ ಹೆತ್ತವರೋ ಎಂದು ಕೇಳಿದಾಗ, ಇಬ್ಬರೂ ಅಲ್ಲವೆಂದು ಯೇಸು ಆ ಪ್ರಶ್ನೆಯನ್ನೇ ತಳ್ಳಿಹಾಕುತ್ತಾನೆ. ರೋಗಿಯ ಮಂಚದ ಬಳಿ ನಿಂತು ಪೂರ್ವಜನ್ಮದ ಲೆಕ್ಕ ತೆಗೆಯುವ ನಮ್ಮ ಕೆಲವು ಬಂಧುಗಳಿಗೆ ಈ ಪ್ರಸಂಗವನ್ನು ಓದಿ ಹೇಳಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಈ ಪದ್ಧತಿಯ ಅತ್ಯುತ್ತಮ ರೂಪ ಯಾವುದೆಂದು ಕೇಳಿದರೆ ನಾನು ಲಿಸಿಯೋದ ತೆರೇಸಾಳ ಕಡೆಗೆ ಕೈ ತೋರಿಸುತ್ತೇನೆ. 1873ರಲ್ಲಿ ಹುಟ್ಟಿ, ಹದಿನೈದರಲ್ಲೇ ಕಾರ್ಮೆಲ್ ಮಠವನ್ನು ಸೇರಿ, 1897ರಲ್ಲಿ ಇಪ್ಪತ್ತನಾಲ್ಕನೆಯ ವಯಸ್ಸಿಗೆ ಕ್ಷಯದಿಂದ ತೀರಿಕೊಂಡ ಈ ಹುಡುಗಿಯ ಆತ್ಮಕಥನ ಮರುವರ್ಷ ಪ್ರಕಟವಾಗಿ ಲೋಕವಿಖ್ಯಾತವಾಯಿತು. ಅದರಲ್ಲಿ ದೊಡ್ಡ ಹಿಂಸೆ, ರಕ್ತಸಾಕ್ಷಿತನ ಏನೂ ಇಲ್ಲ. ಬಟ್ಟೆ ಒಗೆಯುವ ಕಟ್ಟೆಯಲ್ಲಿ ಎದುರಿಗಿದ್ದ ಸಹೋದರಿ ಕರವಸ್ತ್ರಗಳನ್ನು ಬಡಿಯುವಾಗಲೆಲ್ಲ ಕೊಳೆನೀರು ಇವಳ ಮುಖಕ್ಕೆ ಸಿಡಿಯುತ್ತದೆ. ಹಿಂದೆ ಸರಿದು ಮುಖ ಒರೆಸಿಕೊಂಡರೆ ಆಕೆಗೆ ತಿಳಿಯುತ್ತದೆ, ಇವಳು ಸರಿಯುವುದಿಲ್ಲ. ಸಂಜೆಯ ಧ್ಯಾನದಲ್ಲಿ ಹಿಂದೆ ಕುಳಿತ ಮತ್ತೊಬ್ಬಳು ಎರಡು ಚಿಪ್ಪುಗಳನ್ನು ಉಜ್ಜಿದಂಥ ವಿಚಿತ್ರ ಸದ್ದನ್ನು ಮಾಡುತ್ತಿರುತ್ತಾಳೆ. ತಿರುಗಿ ಒಮ್ಮೆ ದುರುಗುಟ್ಟಿ ನೋಡಬೇಕೆಂಬ ಆಸೆಯನ್ನು ತಡೆದುಕೊಳ್ಳುವುದಕ್ಕೇ ತೆರೇಸಾ ಬೆವರುತ್ತಾಳೆ. ಕೇಳಿಸದಂತೆ ಮಾಡಿಕೊಳ್ಳುವ ಪ್ರಯತ್ನ ಸೋತಾಗ ಆ ಸದ್ದನ್ನೇ ಸಂಗೀತಕಚೇರಿ ಎಂಬಂತೆ ಕಿವಿಗೊಟ್ಟು ಕೇಳಿ, ಅದನ್ನೇ ದೇವರಿಗೆ ಒಪ್ಪಿಸುತ್ತಾಳೆ. ಲೋಕಲ್ ರೈಲಿನಲ್ಲಿ ಪಕ್ಕದವರ ಮೊಬೈಲಿನ ಸದ್ದನ್ನು ದಹಾಣೂವರೆಗೆ ಕೇಳಿದ ಯಾರಿಗೂ ಇದು ಸಣ್ಣ ಸಾಧನೆ ಎನ್ನಿಸಲಾರದು.

ಇಲ್ಲಿ ಗಮನಿಸಬೇಕಾದ ಸಂಗತಿಗಳಿವೆ. ಕಷ್ಟ ತೀರ ಸಣ್ಣದು, ಅದನ್ನು ಒಪ್ಪಿಸುವವಳು ಸ್ವತಃ ಅದನ್ನು ಪಡುತ್ತಿರುವವಳು, ಮತ್ತು ಎಲ್ಲಕ್ಕಿಂತ ಮಿಗಿಲಾಗಿ, ಸಿಡಿದ ನೀರಿಗೆ ಕಾರಣಳಾದವಳಿಗೆ ಅದರ ಸುಳಿವೇ ಇಲ್ಲ. ಸಿಡಿಸಿದವಳೇ ಬಂದು ‘ಇದನ್ನು ದೇವರಿಗೆ ಒಪ್ಪಿಸು ತಂಗಿ’ ಎಂದಿದ್ದರೆ ಕಥೆ ಬೇರೆಯಾಗುತ್ತಿತ್ತು.

ಹಾಪ್ಕಿನ್ಸ್ 1888ರಲ್ಲಿ ಸಂತ ಅಲ್ಫಾನ್ಸಸ್ ರೊಡ್ರಿಗಸ್‌ನ ಮೇಲೆ ಬರೆದ ಸುನೀತವನ್ನು ನಾನು ಕಚೇರಿ ಸೇರಿದ ಮೇಲೆ ಹೆಚ್ಚು ಮೆಚ್ಚಿದೆ. ಆ ಸಂತ ಮಜೋರ್ಕಾ ದ್ವೀಪದ ಕಾಲೇಜೊಂದರಲ್ಲಿ ದಶಕಗಳ ಕಾಲ ಬಾಗಿಲು ಕಾಯ್ದವನು. ಬಾಗಿಲು ಬಡಿದಾಗ ತೆರೆದನು, ಮುಚ್ಚಿದನು. ಹೊರಗಿನ ಕಣ್ಣಿಗೆ ಕಾಣುವ ಚರಿತ್ರೆ ಅಷ್ಟೇ. ಟಪಾಲು ವಿಭಾಗದಲ್ಲಿ ಮೂವತ್ತು ವರ್ಷ ಮೊಹರು ಒತ್ತಿ ನಿವೃತ್ತರಾದವರನ್ನು ಕಂಡಿರುವ ನನ್ನಂಥವರಿಗೆ, ಯಾರ ಎಣಿಕೆಗೂ ಬಾರದ ದಿನಗಳಿಗೂ ಎಲ್ಲೋ ಎಣಿಕೆ ಇದ್ದೀತೆಂಬ ಆ ಕಲ್ಪನೆ ಮುಟ್ಟದೆ ಬಿಡುವುದಿಲ್ಲ.

ಹಾಸಿಗೆ ಹಿಡಿದವರ ವಿಷಯದಲ್ಲಂತೂ ಈ ಕಲ್ಪನೆ ಮಾಡುವ ಉಪಕಾರವನ್ನು ನಾವು ಹೊರಗಿನವರು ಸುಲಭವಾಗಿ ಅಳೆಯಲಾರೆವು. ಬೆಲ್ಜಿಯಮ್ಮಿನ ಜಾಕ್ವೆಲೀನ್ ದ ಡೆಕರ್ ಎಂಬ ಮಹಿಳೆ ಮದರ್ ತೆರೇಸಾರ ಜೊತೆ ಕಲ್ಕತ್ತೆಯಲ್ಲಿ ಸೇವೆ ಮಾಡಬೇಕೆಂದು ಹಂಬಲಿಸಿದವರು. ಬೆನ್ನುಹುರಿಯ ಕಾಯಿಲೆ ಅವರನ್ನು ಊರಿಗೆ ಹಿಂತಿರುಗಿಸಿ, ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆಗೆ ಗುರಿಮಾಡಿತು. ಆಗ ತೆರೇಸಾ ಅವರನ್ನು ತಮ್ಮ ಆಧ್ಯಾತ್ಮಿಕ ಜೊತೆಗಾತಿಯೆಂದು ಕರೆದರು. ಜಾಕ್ವೆಲೀನ್ ತನ್ನ ನೋವನ್ನು ಕಲ್ಕತ್ತೆಯ ಕೆಲಸಕ್ಕಾಗಿ ಒಪ್ಪಿಸಿದರು. ಮುಂದೆ ಎಷ್ಟೋ ಮಂದಿ ರೋಗಿಗಳು ಹೀಗೆ ಒಬ್ಬೊಬ್ಬ ಸಹೋದರಿಯೊಡನೆ ಜೋಡಿಯಾದರು. ಇದರಿಂದ ಕಲ್ಕತ್ತೆಯ ಕೆಲಸಕ್ಕೆ ಬಲ ಬಂತೇ ಎಂಬುದನ್ನು ಅಳೆಯುವ ಸಾಧನ ನನ್ನಲ್ಲಿಲ್ಲ. ಪರರ ಕೈಯಿಂದ ಪಡೆಯುವುದೊಂದೇ ಉಳಿದಿದ್ದ ಹೆಂಗಸಿಗೆ ಕೊಡುವುದಕ್ಕೂ ಏನೋ ಒಂದು ಸಿಕ್ಕಿತು ಎಂಬುದು ಮಾತ್ರ ಯಾವ ಅವಿಶ್ವಾಸಿಗೂ ಕಾಣುವ ಸಂಗತಿ. ಮನೆಯಲ್ಲಿ ವೃದ್ಧರನ್ನು ನೋಡಿಕೊಂಡವರು ಬಲ್ಲರು: ಅವರನ್ನು ಕಾಡುವುದು ನೋವಿಗಿಂತ ಹೆಚ್ಚಾಗಿ, ತಾವು ಇನ್ನು ಯಾರಿಗೂ ಬೇಡ ಎಂಬ ಭಾವನೆ.

ಇಷ್ಟು ಹೇಳಿದ ಮೇಲೆ ಮಗ್ಗುಲು ಬದಲಿಸಲೇಬೇಕು. ನಮ್ಮ ಕಚೇರಿಯಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರಿದ್ದರು. ದಕ್ಷಿಣ ಕನ್ನಡದವರು, ಮನೆಮಾತು ಕೊಂಕಣಿ, ಕನ್ನಡದ ಕಾದಂಬರಿಗಳನ್ನು ನನಗಿಂತ ಹೆಚ್ಚು ಓದಿದವರು. ಸಂಧಿವಾತದ ಕಾಲುಗಳನ್ನು ಎಳೆದುಕೊಂಡು ವಸಯಿಯಿಂದ ಬರುತ್ತ, ಇವತ್ತಿನ ನೋವು ಇಂಥವರ ಆಪರೇಷನ್ನಿಗೆ, ನಾಳೆಯದು ಇಂಥವರ ಮಗಳ ಪರೀಕ್ಷೆಗೆ ಎಂದು ನಗುತ್ತ ಹಂಚುತ್ತಿದ್ದರು. ನನ್ನ ಬಡ್ತಿಯ ಕಡತಕ್ಕೂ ಒಂದು ಬುಧವಾರವನ್ನು ಕೊಟ್ಟಿದ್ದರು. ಅವರ ಬಂಧುಗಳಲ್ಲಿ ಒಬ್ಬ ಹೆಣ್ಣುಮಗಳನ್ನು ಗಂಡ ಹೊಡೆಯುತ್ತಿದ್ದ. ಕುಟುಂಬದ ಹಿರಿಯರೊಬ್ಬರು ಆಕೆಗೆ, ಗಂಡನ ಮನಃಪರಿವರ್ತನೆಗಾಗಿ ಇದನ್ನು ಒಪ್ಪಿಸು ಎಂದು ಬುದ್ಧಿ ಹೇಳಿದರಂತೆ. ಇದನ್ನು ಹೇಳುವಾಗ ಅವರ ಮುಖ ಕೆಂಪಾಗಿತ್ತು. “ಅದು ನನ್ನ ಮಂಡಿಗೆ ಮಾರಾಯ್ರೇ, ಅವಳ ಬೆನ್ನಿಗಲ್ಲ” ಎಂದರು.

ನನ್ನ ಅಭಿಪ್ರಾಯವೆಲ್ಲ ಆ ಒಂದು ಮಾತಿನ ವಿಸ್ತರಣೆ. ಒಪ್ಪಿಸುವುದು ಉತ್ತಮ ಪುರುಷದಲ್ಲಿ ಮಾತ್ರ ಸಲ್ಲುವ ಕ್ರಿಯಾಪದ. ‘ಒಪ್ಪಿಸುತ್ತೇನೆ’ ಎಂದರೆ ಅದು ದಾನ. ‘ಒಪ್ಪಿಸು’ ಎಂದು ವಿಧಿರೂಪಕ್ಕೆ ತಿರುಗಿದ ಕೂಡಲೇ ಅದು ವಸೂಲಿಯಾಗುತ್ತದೆ, ಅದರಲ್ಲೂ ಹಾಗೆ ಹೇಳುವವನಿಗೆ ಕೇಳುವವಳ ಮೌನದಿಂದ ಲಾಭವಿದ್ದರೆ. ಸಂತರ ಚರಿತ್ರೆಗಳಲ್ಲಿ ಹೀಗೆ ಮೆಚ್ಚುಗೆ ಪಡೆದವರಲ್ಲಿ ಹೆಣ್ಣುಮಕ್ಕಳೇ ಎದ್ದು ಕಾಣುವುದು ಆಕಸ್ಮಿಕವಿರಲಾರದು. ಲಿಸಿಯೋದ ತೆರೇಸಾ, ಕೇರಳದ ಭರಣಂಙಾನಂನಲ್ಲಿ ದೀರ್ಘ ಕಾಯಿಲೆಯಿಂದ 1946ರಲ್ಲಿ ತೀರಿಕೊಂಡು 2008ರಲ್ಲಿ ಸಂತಪದವಿಗೇರಿದ ಅಲ್ಫೋನ್ಸಾ, ಇವರೆಲ್ಲ ನಿಜಕ್ಕೂ ದೊಡ್ಡವರು. ಆದರೆ ಅವರ ಚಿತ್ರಪಟವನ್ನು ತೋರಿಸಿ ಸೊಸೆಯಂದಿರ ಬಾಯಿ ಮುಚ್ಚಿಸುವುದು ಬೇರೆಯೇ ವ್ಯವಹಾರ. ನಮ್ಮ ಪಾತಿವ್ರತ್ಯದ ಕಥೆಗಳನ್ನು ನಾವು ಬಳಸಿಕೊಂಡ ರೀತಿಯನ್ನು ನೆನೆದರೆ, ಈ ವಿಷಯದಲ್ಲಿ ಯಾವ ಮತದವರೂ ಇನ್ನೊಂದು ಮತದವರಿಗೆ ಪಾಠ ಹೇಳುವ ಸ್ಥಿತಿಯಲ್ಲಿಲ್ಲ.

ಮದರ್ ತೆರೇಸಾ ತಾವೇ ಹೇಳುತ್ತಿದ್ದ ಪ್ರಸಂಗವೊಂದಿದೆ. ಕ್ಯಾನ್ಸರಿನಿಂದ ನರಳುತ್ತಿದ್ದ ಹೆಂಗಸಿಗೆ ಅವರು, ನಿನ್ನ ನೋವು ಯೇಸುವಿನ ಮುತ್ತು ಎಂದು ಸಮಾಧಾನ ಹೇಳಿದರು. ಆಕೆ ಕೈಮುಗಿದು, ಹಾಗಾದರೆ ಮುತ್ತಿಡುವುದನ್ನು ನಿಲ್ಲಿಸುವಂತೆ ಅವನಿಗೆ ಹೇಳಿ ಎಂದಳಂತೆ. ತೆರೇಸಾ ಇದನ್ನು ಮೆಚ್ಚುಗೆಯಿಂದಲೇ ಹೇಳುತ್ತಿದ್ದರು. ಟೀಕಾಕಾರರು ಇದನ್ನೇ ಅವರ ವಿರುದ್ಧದ ಸಾಕ್ಷಿಯನ್ನಾಗಿ ಮಾಡಿದರು. ನನಗೆ ಇಬ್ಬರಿಗಿಂತ ಆ ರೋಗಿಯ ಮಾತು ಮುಖ್ಯ. ಅದರಲ್ಲಿ ಅಶ್ರದ್ಧೆ ಇಲ್ಲ. ಒಪ್ಪಿಸುವ ಹಕ್ಕಿನ ಜೊತೆಗೆ ಒಪ್ಪದಿರುವ ಹಕ್ಕೂ ತನ್ನದೇ ಎಂಬ ತಿಳಿವಳಿಕೆ ಇದೆ. 1994ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯ ಸಂಪಾದಕ ರಾಬಿನ್ ಫಾಕ್ಸ್ ಕಾಳಿಘಾಟಿನ ಆಶ್ರಮವನ್ನು ನೋಡಿ ಬಂದು, ಅಲ್ಲಿನ ಪ್ರೀತಿಯ ಆರೈಕೆಯನ್ನು ಗುರುತಿಸಿಯೂ, ಪ್ರಬಲವಾದ ನೋವುನಿವಾರಕಗಳ ಕೊರತೆಯನ್ನು ಎತ್ತಿ ಬರೆದರು. ಆ ಆಕ್ಷೇಪವನ್ನು ಭಕ್ತಿಯ ಮೇಲಿನ ದಾಳಿಯೆಂದು ಬದಿಗೆ ಸರಿಸುವುದು ನ್ಯಾಯವಲ್ಲ.

ಏಕೆಂದರೆ ಆ ಧರ್ಮಸಭೆಯದೇ ಬೋಧನೆ ನೋವನ್ನು ಉಳಿಸಿಕೊಳ್ಳಿ ಎಂದು ಹೇಳುವುದಿಲ್ಲ. ಪೋಪ್ ಹನ್ನೆರಡನೆಯ ಪಯಸ್ 1957ರ ಫೆಬ್ರವರಿ 24ರಂದು ಅರಿವಳಿಕೆ ತಜ್ಞರ ಪ್ರಶ್ನೆಗಳಿಗೆ ಉತ್ತರಿಸುತ್ತ, ಬೇರೆ ದಾರಿಯಿಲ್ಲದಿದ್ದಾಗ ಆಯುಷ್ಯ ಸ್ವಲ್ಪ ಕಡಿಮೆಯಾಗುವ ಸಂಭವವಿದ್ದರೂ ನೋವನ್ನು ನೀಗುವ ಮದ್ದನ್ನು ಕೊಡಬಹುದೆಂದರು. ಎರಡನೆಯ ಜಾನ್ ಪಾಲ್ 1984ರಲ್ಲಿ ಮಾನವ ಸಂಕಟದ ಅರ್ಥವನ್ನು ಕುರಿತೇ ಹೊರಡಿಸಿದ ಪತ್ರ ಪೌಲನ ಆ ಕೊಲೊಸ್ಸೆಯ ಮಾತಿನಿಂದ ತೊಡಗಿ, ಕೊನೆಯ ಭಾಗದಲ್ಲಿ ದಾರಿಬದಿಯ ಗಾಯಾಳುವಿಗೆ ಎಣ್ಣೆ ಹಚ್ಚಿ ಪಟ್ಟಿ ಕಟ್ಟಿದ ಸಮಾರಿಯದವನ ಕಥೆಗೆ ಬಂದು ನಿಲ್ಲುತ್ತದೆ. ಆ ಕಥೆಯಲ್ಲಿ ಗಾಯಾಳುವಿಗೆ ಯಾರೂ ಉಪದೇಶ ಮಾಡುವುದಿಲ್ಲ. 2007ರಲ್ಲಿ ಹದಿನಾರನೆಯ ಬೆನೆಡಿಕ್ಟ್, ಸಣ್ಣಪುಟ್ಟ ಕಷ್ಟಗಳನ್ನು ಒಪ್ಪಿಸುವ ಈ ಹಳೆಯ ರೂಢಿಯನ್ನು ಮತ್ತೆ ನೆನೆಯುವಾಗ, ಅದರಲ್ಲಿ ಅತಿರೇಕಗಳೂ ಅನಾರೋಗ್ಯಕರ ಪ್ರಯೋಗಗಳೂ ಇದ್ದಿರಬಹುದೆಂದು ಒಪ್ಪಿಕೊಂಡೇ ಮಾತಾಡಿದರು. ಇನ್ನು ಲಿಸಿಯೋದ ತೆರೇಸಾಳೇ ತನ್ನ ಕೊನೆಯ ದಿನಗಳ ಯಾತನೆಯಲ್ಲಿ, ಇಂಥ ನೋವಿರುವವರ ಕೈಗೆಟುಕುವಂತೆ ವಿಷದ ಔಷಧಿಗಳನ್ನು ಇಡಬೇಡಿರೆಂದು ಎಚ್ಚರಿಸಿದ್ದು ದಾಖಲಾಗಿದೆ. ಗುಲಾಬಿಯ ಚಿತ್ರಪಟದ ತೆರೇಸಾಳಿಗಿಂತ ಈ ತೆರೇಸಾ ನನಗೆ ಹೆಚ್ಚು ನಂಬಿಕೆಗೆ ಅರ್ಹಳು.

ತಾಳಿಕೋ ಎಂದು ಹೇಳುವುದು ಧರ್ಮಗಳ ಗುತ್ತಿಗೆಯೇನೂ ಅಲ್ಲ. ನಾನು ಸಂಬಳ ಪಡೆಯುವ ಸರಕಾರವೂ ಅದನ್ನೇ ಬೇರೆ ಭಾಷೆಯಲ್ಲಿ ಹೇಳಿದೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಪರವಾನಗಿ ಕೊಟ್ಟು ಅಫೀಮು ಬೆಳೆಸಿ ಹೊರದೇಶಗಳ ಔಷಧಿಗಾಗಿ ರಫ್ತು ಮಾಡುವ ದೇಶ ನಮ್ಮದು. 1985ರ ಮಾದಕ ದ್ರವ್ಯಗಳ ಕಾಯ್ದೆಯ ನಂತರ ಅದೇ ಅಫೀಮಿನಿಂದ ಬರುವ ಮಾರ್ಫಿನ್ ನಮ್ಮ ಆಸ್ಪತ್ರೆಗಳಿಂದಲೇ ಬಹುಮಟ್ಟಿಗೆ ಮಾಯವಾಯಿತು. ಹಲವು ಇಲಾಖೆಗಳ ಪರವಾನಗಿ, ಬಿಗಿಯಾದ ಲೆಕ್ಕ, ತಪ್ಪಿದರೆ ಜೈಲಿನ ಭಯ; ಔಷಧಿಯಂಗಡಿಯವನು ಅದನ್ನು ಇಡುವ ಗೋಜಿಗೇ ಹೋಗಲಿಲ್ಲ. 1993ರಲ್ಲಿ ಕೋಳಿಕ್ಕೋಡಿನಲ್ಲಿ ಆರಂಭವಾದ ಉಪಶಾಮಕ ಆರೈಕೆಯ ಚಳವಳಿಯಂಥವು ವರ್ಷಗಟ್ಟಲೆ ಹೋರಾಡಿದ ಮೇಲೆ 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ನಡುವಿನ ಆ ಮೂರು ದಶಕಗಳಲ್ಲಿ ನರಳಿ ಸತ್ತವರ ನೋವನ್ನು ಯಾರೂ ಯಾರಿಗೂ ಒಪ್ಪಿಸಲಿಲ್ಲ. ಅದು ಕಡತದಲ್ಲಿಯೂ ನಮೂದಾಗಲಿಲ್ಲ.

ಆದ್ದರಿಂದ ನನ್ನ ಕೋರಿಕೆ ಬಹಳ ಸಣ್ಣದು. ರೋಗಿಯ ಬಳಿ ಹೋಗುವ ಗುರುಗಳಿರಲಿ, ಪುರೋಹಿತರಿರಲಿ, ಬಂಧುಗಳಿರಲಿ, ಅರ್ಥದ ಮಾತನ್ನು ಎತ್ತುವ ಮುನ್ನ ‘ಡಾಕ್ಟರಿಗೆ ಹೇಳಿದಿರಾ’ ಎಂದು ಕೇಳಬೇಕು. ಮದ್ದು, ಕಾನೂನು, ನೆರೆಹೊರೆ ಎಲ್ಲವೂ ತಮ್ಮ ಕೆಲಸ ಮಾಡಿದ ಮೇಲೆಯೂ ಉಳಿಯುವ ನೋವು ಒಂದಿಷ್ಟು ಇದ್ದೇ ಇರುತ್ತದೆ. ಅದನ್ನು ಏನು ಮಾಡಬೇಕೆಂಬುದು ರೋಗಿಗೇ ಬಿಟ್ಟದ್ದು.

ಈ ಪ್ರಶ್ನೆಯನ್ನು ಕೇಳುವುದೂ ಅಷ್ಟು ಸುಲಭವಲ್ಲ. ಪರೇಲಿನ ಕ್ಯಾನ್ಸರ್ ಆಸ್ಪತ್ರೆಗೆ ಕಲಬುರಗಿ, ವಿಜಯಪುರ, ಬೆಳಗಾವಿಗಳಿಂದ ಬರುವವರಲ್ಲಿ ಹಿಂದಿಯಾಗಲಿ ಮರಾಠಿಯಾಗಲಿ ಬಾರದವರು ಅನೇಕರಿರುತ್ತಾರೆ. ಅವರ ಪರವಾಗಿ ಮಾತಾಡಲು ನಮ್ಮ ಬಳಗದ ಕೆಲವರು ರಜೆಯ ದಿನ ಹೋಗುವುದುಂಟು. ವೈದ್ಯರು ನೋವನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕಿಯಲ್ಲಿ ಕೇಳುತ್ತಾರೆ. ವಿಜಯಪುರದ ಕಡೆಯ ವೃದ್ಧೆಯೊಬ್ಬರನ್ನು ನಾನು ಹಾಗೆ ಕೇಳಿದಾಗ ಅವರು “ತಡಕೊಂತೀನ್ರೀ ಸಾಹೇಬ್ರ” ಎಂದರು. ಅದನ್ನು ಹೇಗೆ ಅನುವಾದಿಸಲಿ? ತಡೆದುಕೊಳ್ಳುತ್ತಾರಂತೆ ಎಂದರೆ ವೈದ್ಯರು ಎರಡೋ ಮೂರೋ ಎಂದು ಬರೆದುಕೊಂಡಾರು. ಪಕ್ಕದಲ್ಲಿ ಕಬ್ಬಿನ ಗದ್ದೆಯ ಕೂಲಿ ಬಿಟ್ಟು ಬಂದ ಮಗ ನಿಂತಿದ್ದ. ಅವನನ್ನು ಚಹಾ ತರಲು ಹೊರಗೆ ಕಳಿಸಿ, “ರಾತ್ರಿ ನಿದ್ದಿ ಬರ್ತದೇನವ್ವಾ?” ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು. ಮತ್ತೆ ಅಂಕಿ ಕೇಳಿದೆ. ಬಾಗಿಲ ಕಡೆ ಒಮ್ಮೆ ನೋಡಿ, ಎರಡೂ ಕೈಗಳ ಬೆರಳುಗಳನ್ನು ಒಂದೊಂದಾಗಿ ಮಡಚಿ ಎಣಿಸಿ, “ಎಂಟು ಅಂತ ಬರೀರಿ, ಅವಗ ಹೇಳಬ್ಯಾಡ್ರಿ” ಎಂದರು.